ರಾಣಿ ಹಲಗೆ ದಾಟಿದ ಕಥೆ

ನಿನ್ನೆ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿಯ ಶಾಲೆಯ ಚೀಲ ಕಂಡು ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚೊಂದು ಮೆಲ್ಲಗೆ ಹೊತ್ತಿಕೊಂಡಿತು. ಚೀಲದ ಮೇಲೆ ರೆಕ್ಕೆಯ ಜಿಂಕೆ ಏರಿದ ರಾಜಕುಮಾರಿ, ಹಿಂದೆ ಸಿಂಹಾಸನದಲ್ಲಿ ಅವಳ ಅಪ್ಪ ಅಮ್ಮ. ಕಾರ್ಟೂನಿನ ರಾಜ ರಾಣಿಯನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವ ರಿಟೈರ್ಡ್ ಟೀಚರನ್ನು ನೀವು ಬೇರೆಲ್ಲೂ ನೋಡಿರಲಿಕ್ಕಿಲ್ಲ.

ಕಾಲುವೆಗೆ ನೀರು ಬಂದು ಶಹಾಪುರದ ಹತ್ತಿರದ ಗೋಗಿಯ ಸುತ್ತ ಜೋಳದ ಹೊಲಗಳು ಗದ್ದೆಯಾಗುತ್ತಿದ್ದ ಕಾಲ. ನಮ್ಮ ಮನೆಗೂ ಬಣ್ಣದ ಟೀವಿ ಬಂದಿತ್ತು. ನಾನು ಗೋಗಿಯ ಶಾಲೆಗೆ, ನಮ್ಮವರು ಯಾದಗಿರಿಯ ಆಫೀಸಿಗೆ. ಮಗಳು ಸುಧಾ ಇಡೀ ದಿನ ನಿಂಗಕ್ಕನ ಮಡಿಲಲ್ಲಿ. ನಿಂಗಕ್ಕ ನಮ್ಮವರ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಸುರಪುರದ ತವರಿಗೆ ಬಂದಿದ್ದಳು. ಮಾವನವರು ಹೋದ ಮೇಲೆ ನಮ್ಮೊಂದಿಗೇ ಉಳಿದಳು.

ಚೀಲದ ಮೇಲೆ ಕಂಡ ರಾಜಕುಮಾರಿಯ ಕಾರ್ಟೂನನ್ನು ಅತ್ತೆ ಸೊಸೆ ದಿನಾ ಟೀವಿಯಲ್ಲಿ ನೋಡುತ್ತಿದ್ದರು, ಅದು ಹಿಂದಿಯದು. ನಿಂಗಕ್ಕನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ತಾನೇ ಕಟ್ಟುತ್ತಿದ್ದಳು. ರಾಜ ರಾಣಿ ಆಗಾಗ ಬಂದು ಹುಬ್ಬು ಗಂಟಿಕ್ಕಿ ಹೋಗುತ್ತಿದ್ದರೇ ಹೊರತು, ಅವರು ಯಾರು, ಹೇಗೆ ಕೂಡಿದರು ಎಂಬುದು ಅದರಲ್ಲಿ ಇರಲೇ ಇಲ್ಲ. ಸುಧಾ ಕೇಳಿದಾಗ ನಾನು ಗೊತ್ತಿಲ್ಲವೆಂದೆ. ನಿಂಗಕ್ಕನಿಗೆ ಗೊತ್ತಿತ್ತು.

ಅಂದಿನಿಂದ ನನ್ನ ಮಗಳು ನನ್ನವಳಾಗಿ ಉಳಿಯಲಿಲ್ಲ. ಚುರುಮುರಿ ಹಿಡಿದು ಬಂದರೆ ಪೊಟ್ಟಣ ಇಸಿದುಕೊಂಡು ಅತ್ತೆಯ ಕಡೆಗೇ ಓಡುವಳು. ಊಟಕ್ಕೆ ಅತ್ತೆ, ನಿದ್ದೆಗೆ ಅತ್ತೆ. ಕಥೆ ಹೇಳಿ ಇಡೀ ಕ್ಲಾಸನ್ನು ಹಿಡಿದಿಡುತ್ತಿದ್ದ ನಾನೂ ಒಂದು ದಿನ ರಾಜ ರಾಣಿಯ ಕಥೆಗೆ ಕೈಹಚ್ಚಿದೆ. ಮಗಳು ಆಕಳಿಸಿದಳು. “ನೀ ಹೇಳಿದ್ರ ಪಾಠ ಆಗ್ತದವ್ವಾ” ಅಂದಳು. ಆ ರಾತ್ರಿ ನಿಂಗಕ್ಕ ಮಾಡಿದ ಪಲ್ಯ ಉಪ್ಪಾಗಿದೆಯೆಂದು ತಟ್ಟೆ ಸರಿಸಿದೆ. ಉಪ್ಪು ಸರಿಯಾಗಿಯೇ ಇತ್ತು.

ಒಂದು ಭಾನುವಾರ ಸುಧಾಳ ತಲೆ ಬಾಚುತ್ತ, ಬೇಕಿಲ್ಲದವಳ ಹಾಗೆ, ಅತ್ತೆ ಹೇಳಿದ ಕಥೆ ಏನೆಂದು ಕೇಳಿದೆ. ರಾಣಿ ಮೊದಲು ಮಕ್ಕಳಿಗೆ ಓದು ಕಲಿಸುವವಳಾಗಿದ್ದಳಂತೆ. ರಾಜ ಕಾಲುವೆ ಅಗೆಸುತ್ತಿದ್ದನಂತೆ. ಅಗೆದ ಕಾಲುವೆಯ ಮೇಲೆ ಒಂದೇ ಹಲಗೆ. ರಾಣಿ ಪುಸ್ತಕ ಹಿಡಿದು, ತಲೆ ಎತ್ತಿ, ನವಿಲಿನಂತೆ ದಾಟಿ ಬಂದಳಂತೆ.

ಕಾಲುವೆ ಅಳೆಯುವ ಕೆಲಸದಲ್ಲಿದ್ದ ನಮ್ಮವರು ನನ್ನನ್ನು ಮೊದಲು ಕಂಡದ್ದು ಅಂಥದೇ ಹಲಗೆಯ ಮೇಲೆ. ನಾನು ದಾಟಿದ್ದು ಮಾತ್ರ ಕೂತು, ತೆವಳಿಕೊಂಡು, ದೇವರ ಹೆಸರು ಹೇಳುತ್ತ.

“ರಾಜನ ಅಪ್ಪ, ಮುದುಕ ರಾಜಗ ಆ ರಾಣಿ ಬ್ಯಾಡಾಗಿದ್ಲಂತ” ಎಂದು ಮಗಳು ಮುಂದುವರಿಸಿದಳು. “ಆಗ ಒಬ್ಬಾಕಿ ಉಣ್ಣೂದು ಬಿಟ್ಟು ಕುಂತ್ಲಂತ. ಆಮ್ಯಾಲ ಮುದುಕ ಹೂಂ ಅಂದ.”

“ಯಾರಾಕಿ?”

“ಆಕಿ ಟೀವ್ಯಾಗ ಬರಂಗಿಲ್ಲಂತ. ಅತ್ತಿ ಅಂದಾಳ.”

ಸಂಜೆ ನಮ್ಮವರನ್ನು ಕೇಳಿದೆ. ನೌಕರಿ ಮಾಡುವ ಸೊಸೆ ಬೇಡವೆಂದು ಮಾವನವರು ಹಟ ಹಿಡಿದದ್ದು, ನಿಂಗಕ್ಕ ಅನ್ನ ಬಿಟ್ಟದ್ದು, ಎಲ್ಲ ನಿಜವೆಂದರು. “ನಿನಗ ಹೇಳಬಾರದಂತ ಅಕ್ಕ ಆಣಿ ಹಾಕಿಸಿದ್ಲು” ಅಂದರು.

ಹೊಟ್ಟೆಕಿಚ್ಚು ಆರಿತೆಂದುಕೊಂಡಿರಾ? ಇನ್ನಷ್ಟು ಹೆಚ್ಚಾಯಿತು. ಅಲ್ಲಿಯವರೆಗೆ ಮಗಳನ್ನು ಗೆದ್ದವಳೆಂದು ಉರಿಯುತ್ತಿದ್ದೆ; ಈಗ ಆ ಮನಸ್ಸು ನನಗೇಕಿಲ್ಲವೆಂದು ಉರಿದೆ. ಮರುದಿನ ಕಾರ್ಟೂನಿನ ಹೊತ್ತಿಗೆ ನಾನೂ ಹೋಗಿ ಕೂತೆ. ನಿಂಗಕ್ಕ ಸರಿದು ಜಾಗ ಕೊಟ್ಟಳು. ಕಥೆ ಹಲಗೆಯ ಹತ್ತಿರ ಬಂದಾಗ ಒಮ್ಮೆ ನನ್ನತ್ತ ನೋಡಿ, ರಾಣಿಯನ್ನು ನಿಲ್ಲಿಸಿಯೇ ದಾಟಿಸಿದಳು. ನಾನು ತಿದ್ದಲಿಲ್ಲ.

ಸುಧಾಳ ಸಂಸಾರ ಈಗ ಯಾದಗಿರಿಯಲ್ಲಿ. ಹೆರಿಗೆ ಹತ್ತಿರ ಬಂದಿದೆ, ಡಾಕ್ಟರು ಪ್ರಯಾಣ ಬೇಡವೆಂದಿದ್ದಾರೆ. ಇವತ್ತು ಮುಂಜಾನೆ ಫೋನ್ ಮಾಡಿ, ಬಾಣಂತನಕ್ಕೆ ಅತ್ತೆಯನ್ನು ಕಳಿಸು ಎಂದಳು. ನನ್ನನ್ನು ಕರೆಯಬೇಕೆಂದು ಅವಳಿಗೆ ಆಮೇಲೆ ನೆನಪಾಯಿತು. ನಿಂಗಕ್ಕ ಮೊಣಕಾಲು ನೀವಿಕೊಳ್ಳುತ್ತ, “ಹಡೆದಾಕಿ ನೀ ಇದ್ದಿ, ನೀನ ಹೋಗವ್ವ” ಅಂದಳು. ನಾನು ಅವಳ ಸೀರೆಗಳನ್ನು ನನ್ನ ಸೀರೆಗಳ ಜೊತೆ ಒಂದೇ ಬ್ಯಾಗಿಗೆ ತುಂಬಿದೆ. ನಾಳೆ ಇಬ್ಬರೂ ಹೊರಟಿದ್ದೇವೆ. ಕೂಸನ್ನು ಮೊದಲು ಯಾರು ಎತ್ತಿಕೊಳ್ಳಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.