ಸಾಲು ಕೊಡುವವರ ಪಟ್ಟಿ

ಅಫಜಲಪುರದ ನಮ್ಮ ಚರ್ಚಿನಲ್ಲಿ ಹೆಂಗಸರು ಎಡಗಡೆ, ಗಂಡಸರು ಬಲಗಡೆ, ಜಮಖಾನದ ಮೇಲೆ ಕೂರುವುದು. ಮೂರನೇ ಸಾಲಿನಲ್ಲಿ ಕಿಟಕಿಯ ಪಕ್ಕ ನಾನು, ನನ್ನ ಪಕ್ಕ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಅವಳು ಜೇವರ್ಗಿಯಿಂದ ಸೊಸೆಯಾಗಿ ಬಂದ ಮೊದಲ ರವಿವಾರದಿಂದ ಇದೇ ವ್ಯವಸ್ಥೆ. ನಡುವೆ ನಾವು ಎರಡು ಸಲ ಮಾತು ಬಿಟ್ಟಿದ್ದೇವೆ, ಆಗಲೂ ಜಾಗ ಬಿಟ್ಟಿರಲಿಲ್ಲ. ಹೋದ ವರ್ಷ ಸುಗ್ಗಿ ಹಬ್ಬದ ಆರಾಧನೆಗೆ ಒಂದು ತಿಂಗಳು ಇರುವಾಗ ಅವಳು ಬರುವುದನ್ನು ನಿಲ್ಲಿಸಿದಳು. ಒಂದು ರವಿವಾರ, ಎರಡು, ಮೂರು. ನನ್ನ ಪಕ್ಕದ ಆ ಎರಡು ಗೇಣು ಜಮಖಾನ ಖಾಲಿ.

ಕೇಳಿದರೆ, "ಮೊಣಕಾಲು ಬ್ಯಾನಿ ಅಕ್ಕಾ, ನೆಲಕ್ಕ ಕೂಡಾಕ ಆಗಂಗಿಲ್ಲ," ಅಂದಳು.

ಅದರ ಮರುದಿನವೇ ಸಂತೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬದನೆಕಾಯಿ ಒಂದೊಂದನ್ನೇ ತಿರುಗಿಸಿ ಹುಳುಕು ಹುಡುಕುತ್ತಿದ್ದಳು. ನಾನು ಹಿಂದೆ ನಿಂತು ಸುಮಾರು ಹೊತ್ತು ನೋಡಿದೆ. ಎದ್ದು ನಿಲ್ಲುವಾಗ ಒಂದು 'ಅಯ್ಯೋ' ಕೂಡ ಅನ್ನಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಚರ್ಚಿಗೆ ಪ್ರೊಜೆಕ್ಟರ್ ಬಂದಿತ್ತು. ಅದಕ್ಕೂ ಮೊದಲು ನಮ್ಮಲ್ಲಿ ಸಾಲು ಕೊಡುವ ಪದ್ಧತಿ. ಒಬ್ಬರು ಮುಂದೆ ನಿಂತು ಹಾಡಿನ ಒಂದು ಸಾಲನ್ನು ಗಟ್ಟಿಯಾಗಿ ಹೇಳುತ್ತಾರೆ, ಸಭೆ ಆ ಸಾಲನ್ನು ಹಾಡುತ್ತದೆ, ಆಮೇಲೆ ಮುಂದಿನ ಸಾಲು. ಇಡೀ ಸಭೆಗೆ ಎರಡೇ ಹಾಡಿನ ಪುಸ್ತಕಗಳಿದ್ದ ಕಾಲದಿಂದ ಬಂದದ್ದು. ಹಾಗೆ ಹಾಡುವಾಗ ಯಾರಿಗೆ ಓದಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ತಿಳಿಯುತ್ತಲೇ ಇರಲಿಲ್ಲ. ಪ್ರೊಜೆಕ್ಟರ್ ಬಂದ ಮೇಲೆ ಅಕ್ಷರಗಳು ಗೋಡೆಯ ಮೇಲೆ ಬಿದ್ದವು, ಸಾಲು ಕೊಡುವುದು ನಿಂತಿತು. ಎಲ್ಲರೂ ತಲೆ ಎತ್ತಿ ಗೋಡೆ ನೋಡುತ್ತಾ ಹಾಡುವಾಗ ನನ್ನ ನೆಗೆಣ್ಣಿ ಮಾತ್ರ ನನ್ನ ಬಾಯಿ ನೋಡುತ್ತಿದ್ದಳು. ಅವಳು ಶಾಲೆಗೆ ಹೋದವಳಲ್ಲ. ಇದನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ, ನಾನೂ ಎಂದೂ ಕೇಳಿರಲಿಲ್ಲ.

ಹೀಗಿರುವಾಗ ಸುಗ್ಗಿ ಆರಾಧನೆಯ ಹಾಡುಗಳನ್ನು ಆರಿಸಲು ಒಂದು ರವಿವಾರ ಎಲ್ಲಾ ಮುಗಿದ ಮೇಲೆ ಸಭೆ ಸೇರಿದೆವು. ಸುಗ್ಗಿ ಹಬ್ಬದ ಜಗಳ ನಮ್ಮಲ್ಲಿ ತೊಗರಿ ರಾಶಿಯ, ಅಂದರೆ ಒಕ್ಕಣೆಯ, ಜೊತೆಗೇ ಶುರುವಾಗುತ್ತದೆ. ಆಳಂದದಲ್ಲಿ ಹೆಡ್ ಮಾಸ್ತರರಾಗಿ ನಿವೃತ್ತರಾದವರೊಬ್ಬರು ನಮ್ಮ ಸಭೆಯ ಹಿರಿಯರು. ಅವರು ಹಾಡಿನ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಮಾತು ತೆಗೆದರು.

"ಸುಗ್ಗಿ ಆರಾಧನಿ ಅಂದ್ರ ಗಂಭೀರ ಇರಬೇಕ್ರಿ. ಪುಸ್ತಕದಾಗಿನ ಗೀತಿ, ಪುಸ್ತಕದಾಗಿನ ರಾಗ. ಆ ಢಂಢಂ ಎಲ್ಲಾ ನಡಿಯಂಗಿಲ್ಲ."

ಢಂಢಂ ಅಂದದ್ದು ಕೀಬೋರ್ಡ್ ನುಡಿಸುವ ತರುಣನಿಗೆ. ಅವನು ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಡ್ರಮ್ಮು, ತಮಟೆ, ಚಪ್ಪಾಳೆ ಎಲ್ಲಾ ಹೊರಡುತ್ತವೆ.

"ಮಾಸ್ತರ, ನಿಮ್ಮ ಗೀತಿ ಒಂದು ಮುಗಿಯೋದ್ರಾಗ ನನ್ನ ಶಿಫ್ಟೇ ಮುಗೀತದ್ರಿ," ಅಂದ ಅವನು.

"ನೀ ಹಾಡೋದ್ರಾಗ ಏನದನೋ? ಒಂದಾ ಮಾತು ಆರು ಸಲ."

"ಆರು ಸಲ ಅಂದ್ರ ಒಂದು ಸಲರ ಮನಸ್ಸಿಗೆ ಹತ್ತತದ್ರಿ."

ಹಿಂದೆ ಕೂತಿದ್ದ ಹೊಲದ ಕೆಲಸದ ಹೆಣ್ಣುಮಗಳೊಬ್ಬಳು, "ನಿಮ್ಮಿಬ್ಬರದೂ ಬ್ಯಾಡ್ರಿ. ತಾಳ ಹಿಡದು ಭಜನಿ ಹಾಡೂಣು. ರಾಶಿ ಮಾಡಿದವ್ರು ನಾವು, ಹಾಡು ಮಾತ್ರ ನಿಮ್ದಾ?" ಅಂದಳು. ಹೆಂಗಸರ ಕಡೆಯಿಂದ ಒಳ್ಳೆಯ ಗದ್ದಲ ಎದ್ದಿತು. ನಾನೂ ನನ್ನ ಪಾಲಿನದು ಸೇರಿಸಿದೆ.

ನಮ್ಮ ಪಾಸ್ಟರಿಗೆ, ನಾವು ಅಯ್ಯಗಳು ಅನ್ನುತ್ತೇವೆ, ಇನ್ನೂ ಚಿಕ್ಕ ವಯಸ್ಸು. ಮಧ್ಯಾಹ್ನ ಇನ್ನೊಂದು ಊರಿನ ಸಭೆಗೆ ಬೈಕಿನಲ್ಲಿ ಹೋಗಬೇಕು. ಅವರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅಮ್ಮಾರ, ಈ ಸಲ ಪಟ್ಟಿ ನೀವಾ ಮಾಡ್ರಿ. ನಿಮ್ಮ ಮಾತು ಯಾರೂ ತಗದು ಹಾಕಂಗಿಲ್ಲ."

ನನ್ನ ಮೇಲಿನ ಗೌರವಕ್ಕೆ ಅಂದರೋ, ನನ್ನ ಜೊತೆ ವಾದ ಹಾಕಿದರೆ ಊಟದ ಹೊತ್ತು ಮೀರುತ್ತದೆ ಎಂದು ಅಂದರೋ ಗೊತ್ತಿಲ್ಲ. ನಾನು ಒಪ್ಪಿಕೊಂಡೆ. "ಮೂರೂ ಥರದ ಹಾಡು ಒಂದೊಂದು ಇರ್ತಾವ. ಆದ್ರ ಮೂರಕ್ಕೂ ಸಾಲು ಕೊಡಬೇಕು. ಗ್ವಾಡಿ ಮ್ಯಾಲ ಅಕ್ಷರ ಬೀಳ್ತಾವಂತ ಬಾಯಿ ಮುಚ್ಚಗೊಂಡು ಕೂಡಂಗಿಲ್ಲ," ಅಂದೆ. ಕೀಬೋರ್ಡಿನವನು ಮುಖ ಹುಳ್ಳಗೆ ಮಾಡಿದ. ಮಾಸ್ತರರು, ಹಳೆಯ ಪದ್ಧತಿ ಅಲ್ಲವೇ, ತಲೆ ಆಡಿಸಿದರು.

ನನ್ನ ಲೆಕ್ಕ ಸೀದಾ ಇತ್ತು. ಪುಸ್ತಕದ ಗೀತೆಗೆ ಮಾಸ್ತರರು ಸಾಲು ಕೊಡಲಿ. ಹೊಸ ಹಾಡಿಗೆ ಕೀಬೋರ್ಡಿನವನು. ಭಜನೆಗೆ ನನ್ನ ನೆಗೆಣ್ಣಿ. ಸುಗ್ಗಿಗೆ ನಾವು ಹಾಡುವ ಭಜನೆ ನಮ್ಮ ಅತ್ತೆ ಜೋಳದ ತೆನೆಯ ಬಗ್ಗೆ ಕಟ್ಟಿದ್ದು, ಒಂಬತ್ತು ನುಡಿ ಇವೆ, ಎಲ್ಲಾ ಅವಳ ಬಾಯಲ್ಲೇ ಇವೆ. ಸಾಲು ಕೊಡುವ ಕೆಲಸ ಬಿದ್ದರೆ ಮೊಣಕಾಲು ತಾನಾಗಿ ವಾಸಿಯಾಗುತ್ತದೆ ಎಂದುಕೊಂಡೆ.

ಫೋನಿನಲ್ಲಿ ಬರೆಯುವುದನ್ನು ನನಗೆ ಆಗಷ್ಟೇ ನನ್ನ ಮೊಮ್ಮಗಳು ಕಲಿಸಿದ್ದಳು. ಅವಳು ಕಡಗಂಚಿಯಲ್ಲಿ ಓದುತ್ತಾಳೆ, ಶುಕ್ರವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಾಳೆ. ಒಂದು ಒತ್ತಕ್ಷರ ಹಾಕುವಷ್ಟರಲ್ಲಿ ನನ್ನ ಚಹಾ ಆರಿರುತ್ತಿತ್ತು. ಮೊದಲು ಮೂರು ಹಾಡು ಒಂದರ ಕೆಳಗೊಂದು ಬರೆದೆ. ಅದರ ಕೆಳಗೆ, ಸಾಲು ಕೊಡುವವರು ಇದೇ ಕ್ರಮದಲ್ಲಿ ಎಂದು ಬರೆದು, ಮೂವರನ್ನು ಸಾಲಾಗಿ ಹಾಕಿದೆ. ಹೆಬ್ಬೆರಳು ಎಲ್ಲಿ ತಾಗಿತೋ, ಮೊದಲಿಗಿದ್ದ ಮಾಸ್ತರರು ಅಳಿಸಿಹೋದರು. ಮತ್ತೆ ಮೇಲೆ ಹೋಗುವುದು ಹೇಗೆಂದು ತಿಳಿಯದೆ ಅವರನ್ನು ಕೊನೆಗೆ ಸೇರಿಸಿ, ಚರ್ಚಿನ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟೆ. ಮೂವರೂ ಇದ್ದಾರಲ್ಲ ಎಂಬ ಸಮಾಧಾನದಿಂದ ಚಹಾ ಬಿಸಿ ಮಾಡಲು ಎದ್ದೆ.

ತಿರುಗಿ ಬಂದು ನೋಡಿದರೆ ಗುಂಪಿನಲ್ಲಿ ಬೆಂಕಿ ಬಿದ್ದಿತ್ತು. ಎಲ್ಲರೂ ಒಂದೊಂದು ಮನೆ ಮೇಲಕ್ಕೆ ಸರಿದಿದ್ದರು. ಮಾಸ್ತರರ ಗೀತೆಗೆ ಕೀಬೋರ್ಡಿನವನು, ಕೀಬೋರ್ಡಿನವನ ಹೊಸ ಹಾಡಿಗೆ ನನ್ನ ನೆಗೆಣ್ಣಿ, ಭಜನೆಗೆ ಮಾಸ್ತರರು.

"ಇದೇನ್ರಿ ಅಕ್ಕಾರ, ಈ ವಯಸ್ಸಿನಾಗ ನಾ ತಾಳ ಬಡೀಲೇನು?" ಎಂದು ಮಾಸ್ತರರು ಬರೆದಿದ್ದರು. ಕೀಬೋರ್ಡಿನವನು ಅಳುವ ಮುಖದ ಚಿತ್ರ ಹಾಕಿದ್ದ. ನಾನು ಮೊಮ್ಮಗಳಿಗೆ ಫೋನು ಹಚ್ಚಿ, ಕಳಿಸಿದ್ದನ್ನು ವಾಪಸು ತೆಗೆಯುವುದು ಹೇಗೆ ಎಂದು ಕೇಳುತ್ತಿರುವಾಗಲೇ ಅಯ್ಯಗಳ ಮೆಸೇಜು ಬಂತು: "ಅಮ್ಮಾರು ಬಹಳ ವಿಚಾರ ಮಾಡಿ ಮಾಡ್ಯಾರ. ಒಬ್ಬರ ಹಾಡು ಇನ್ನೊಬ್ಬರು ಹೊರಲಿ. ಇದನ್ನೇ ಮುಂದುವರಿಸೋಣ." ಅದರ ಕೆಳಗೆ ಕೈ ಮುಗಿದ ಚಿತ್ರಗಳು ಸಾಲುಗಟ್ಟಿದವು.

"ಆಯಿ, ತಗಿಯೋದು ಹೇಳ್ಲಿ ಏನ್ ಬಿಡ್ಲಿ?" ಅಂತ ಮೊಮ್ಮಗಳು ಕೇಳಿದಳು.

"ಬಿಡು ಬೇ, ವಿಚಾರ ಮಾಡಿ ಮಾಡೇನಂತ," ಅಂದೆ.

ಅಯ್ಯಗಳಿಗೆ ನಿಜ ಇವತ್ತಿಗೂ ಹೇಳಿಲ್ಲ. ಆದರೆ ಆ ದಿನ ನನಗಿದ್ದ ಚಿಂತೆ ಬೇರೆ. ನೆಗೆಣ್ಣಿಗೆ ಬಾಯಿಪಾಠ ಇದ್ದ ಭಜನೆ ಕೈ ತಪ್ಪಿ, ಯಾವ ಅಕ್ಷರಗಳು ಗೋಡೆಯ ಮೇಲೆ ಬಿದ್ದು ಅವಳನ್ನು ಮನೆಯಲ್ಲಿ ಕೂರಿಸಿದ್ದವೋ, ಆ ಅಕ್ಷರಗಳ ಹೊಸ ಹಾಡೇ ಅವಳ ಪಾಲಿಗೆ ಬಂದಿತ್ತು. ಅವಳು ಒಲ್ಲೆ ಅಂದರೆ ಮುಂದೆಂದೂ ಬರುವವಳಲ್ಲ.

ಅವಳ ಹತ್ತಿರ ಅಂಥ ಫೋನು ಇಲ್ಲ. ನಾನೇ ನಡೆದು ಹೋದೆ. ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಸುದ್ದಿ ಹೇಳಿದೆ. ಮೊರ ಕೆಳಗಿಟ್ಟಳು.

"ನನ್ನ ಮಂದ್ಯಾಗ ನಗಸಬೇಕಂತ ಮಾಡೀದೇನ್ ಅಕ್ಕಾ?"

"ಯಾಕ ನಗಸ್ಲಿ?"

"ನನಗ ಓದಾಕ ಬರಂಗಿಲ್ಲ. ನಿನಗ ಗೊತ್ತಿಲ್ಲೇನು?"

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಬಾಯಿಂದ ಆ ಮಾತು ಬಂದಿತ್ತು. ನಾನೂ ಕೂತು, ಅವಳ ಮೊರದಿಂದ ಒಂದು ಹಿಡಿ ತೊಗರಿ ತೆಗೆದುಕೊಂಡು ಕಲ್ಲು ಆರಿಸತೊಡಗಿದೆ.

"ಸಾಲು ಕೊಡಾಕ ಬಾಯಿ ಬೇಕು ಬೇ. ಓದು ಬೇಕಂತ ಯಾರ್ ಅಂದಾರ? ಒಂಬತ್ತು ನುಡಿ ತಲ್ಯಾಗ ಇಟ್ಟಕೊಂಡಾಕಿ, ಆರು ಸಲ ಹೇಳೋ ಒಂದಾ ಮಾತು ಇಟ್ಟಕೊಳಾಕ ಆಗಂಗಿಲ್ಲೇನು?"

ಅವಳು ನಾನು ಆರಿಸಿದ ತೊಗರಿಯಲ್ಲಿ ಇನ್ನೂ ಎರಡು ಕಲ್ಲು ತೆಗೆದು ತೋರಿಸಿದಳು. ನಾನು ಹೊರಟಾಗ, "ಮೊಮ್ಮಗಳು ಬಂದ್ರ ಕಳಿಸು. ಮೊದಲ ಹಾಡು ಕೇಳ್ತೇನಿ, ಆಮ್ಯಾಲ ಹೇಳ್ತೇನಿ," ಅಂದಳು.

ಮೊಮ್ಮಗಳು ಹೋಗಿ ಫೋನಿನಲ್ಲಿ ಹಾಡು ಹಚ್ಚಿದಳು. ನೆಗೆಣ್ಣಿ ಕಣ್ಣು ಮುಚ್ಚಿ ಪೂರಾ ಕೇಳಿ, "ಇದೇನು ಬೇ, ತಪ್ಪಿಸಿಕೊಂಡ ಎಮ್ಮಿ ಕರದಂಗ ಕರದದ್ದಾ ಕರೀತಾರ," ಅಂದಳಂತೆ. ಆದರೆ ಮತ್ತೊಮ್ಮೆ ಹಚ್ಚು ಅಂದಳಂತೆ. ರೊಟ್ಟಿ ಬಡಿಯುವಾಗ ಒಮ್ಮೆ, ಪಾತ್ರೆ ತಿಕ್ಕುವಾಗ ಒಮ್ಮೆ. ಮೂರನೇ ಸಲಕ್ಕೆ ಮೊಮ್ಮಗಳು ತಪ್ಪಿ ಹಾಡಿದ್ದನ್ನು ಇವಳೇ ತಿದ್ದಿದಳಂತೆ. ಬರುತ್ತೇನೆಂದು ಮಾತ್ರ ಅನ್ನಲಿಲ್ಲ.

ಅತ್ತ ಮಾಸ್ತರರಿಗೆ ತೊಂದರೆ ಶುರುವಾಗಿತ್ತು. ನಮ್ಮ ಅತ್ತೆಯ ಭಜನೆ ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಮೂರು ನುಡಿಯ ಮೇಲೆ ಬರುವುದಿಲ್ಲ. ಹಾಗಾಗಿ ಅವರು ಒಂದು ನೋಟುಬುಕ್ಕು, ಎರಡು ಪೆನ್ನು ಹಿಡಿದು ನೆಗೆಣ್ಣಿಯ ಪಡಸಾಲೆಗೇ ಬರಬೇಕಾಯಿತು. ಇಂಥದ್ದನ್ನು ನಾನು ಬಿಡುತ್ತೇನೆಯೇ? ಮೊಸರು ಕೇಳುವ ನೆಪದಲ್ಲಿ ಹೋಗಿ ಕೂತೆ.

"ಮೊದಲ ನುಡಿ ಹೇಳ್ರಿ ತಂಗಿ, ಬರಕೊಳ್ತೇನಿ," ಅಂದರು ಮಾಸ್ತರರು.

"ಬರಕೊಬ್ಯಾಡ್ರಿ. ಬರಕೊಂಡ್ರ ಅದು ಹಾಳ್ಯಾಗ ಉಳೀತದ. ಬಾಯಿಲೆ ಅನ್ರಿ."

ಮಾಸ್ತರರು ಅಂದರು.

"ಹಂಗಲ್ರಿ. ತೆನಿ ತೂಗಿದಂಗ ತೂಗಬೇಕು. ನೀವು ಹಾಜರಿ ಕರದಂಗ ಕರ್ಯಾಕತ್ತೀರಿ. ಮತ್ತ ಅನ್ರಿ."

ಮಾಸ್ತರರು ಮತ್ತೆ ಅಂದರು. ಐದನೇ ನುಡಿಯಲ್ಲಿ ಎರಡು ಸಲ ತಪ್ಪಿದರು. ಜೀವಮಾನವಿಡೀ ಮಕ್ಕಳಿಗೆ ಬಾಯಿಪಾಠ ಒಪ್ಪಿಸಿ ಅಂದವರು, ಈಗ ತಾವೇ ಒಪ್ಪಿಸುತ್ತಾ ತಡವರಿಸಿ, ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ನೆಗೆಣ್ಣಿ ಮುಖ ಗಂಭೀರ ಇಟ್ಟುಕೊಂಡೇ, "ಇವತ್ತಿಗೆ ಐದು ಸಾಕು. ನಾಳಿ ಉಳದ ನಾಕು. ಗೊತ್ತಾಗ್ಲಿಲ್ಲಂದ್ರ ಕೇಳ್ರಿ, ನಾಚಬ್ಯಾಡ್ರಿ," ಅಂದಳು. ನನಗೆ ನಗು ತಡೆಯಲಾಗದೆ ಮೊಸರು ಮರೆತು ಮನೆಗೆ ಬಂದೆ. ಅವರು ನಾಲ್ಕು ದಿನ ಬಂದರು. ನಾಲ್ಕನೇ ದಿನ ಅವಳು ಹೊಸ ಹಾಡಿನ ಸಾಲು ಅಂದು ತೋರಿಸಿ, "ಇದು ಬರೋಬ್ಬರಿ ಅದ ಏನ್ರಿ ಮಾಸ್ತರ?" ಎಂದು ಕೇಳಿದಳಂತೆ. ಆ ಹಾಡನ್ನು ಕಂಡರಾಗದ ಮಾಸ್ತರರು, "ಅದರಾಗಿನ ಅರ್ಥ ಛಲೋ ಅದರಿ," ಅಂದರಂತೆ.

ಸುಗ್ಗಿಯ ರವಿವಾರ ಬಂತು. ಹವಳಗಾದ ಕಡೆಯವರು ತಂದ ಕಬ್ಬನ್ನು ವೇದಿಕೆಯ ಎರಡೂ ಕಡೆ ಕಟ್ಟಿದ್ದರು. ತೊಗರಿ, ಜೋಳ, ಕುಂಬಳಕಾಯಿ, ಯಾರೋ ತಂದಿಟ್ಟ ಒಂದು ಕೋಳಿ. ಮೊದಲ ಹಾಡು ಶುರುವಾದರೂ ನನ್ನ ಪಕ್ಕದ ಜಾಗ ಖಾಲಿಯೇ ಇತ್ತು. ಕೀಬೋರ್ಡಿನವನು ಮಾಸ್ತರರ ಗೀತೆಗೆ ಸಾಲು ಕೊಟ್ಟ. ರಾತ್ರಿ ಪಾಳಿ ಮುಗಿಸಿ ಬಂದವನು, ಆದರೂ ಒಂದು ಮಾತೂ ನುಂಗಲಿಲ್ಲ. ಮಾಸ್ತರರು ಪುಸ್ತಕ ಮುಚ್ಚಿ, ಅವನ ತುಟಿಯನ್ನೇ ನೋಡುತ್ತಾ ಹಾಡಿದರು. ನಾನು ಮಾತ್ರ ಬಾಗಿಲನ್ನೇ ನೋಡುತ್ತಾ ಏನು ಹಾಡಿದೆನೋ ದೇವರಿಗೇ ಗೊತ್ತು.

ಗೀತೆಯ ಕೊನೆಯ ನುಡಿಗೆ ಅವಳು ಬಂದಳು. ಹಸಿರು ಇಲಕಲ್ಲ ಸೀರೆ. ನನ್ನ ಹತ್ತಿರ ಬರದೆ ಸೀದಾ ಮುಂದಕ್ಕೆ ಹೋಗಿ ಕಬ್ಬಿನ ಪಕ್ಕ ನಿಂತಳು.

ಕೀಬೋರ್ಡಿನವನು ಹೊಸ ಹಾಡಿನ ರಾಗ ಒಂದು ಸುತ್ತು ನುಡಿಸಿದ. ಅವಳು ಬಾಯಿ ತೆರೆಯಲಿಲ್ಲ. ಇನ್ನೊಂದು ಸುತ್ತು ನುಡಿಸಿದ. ಗೋಡೆಯ ಮೇಲೆ ಅಕ್ಷರ ಬಿದ್ದವು, ಎಲ್ಲರ ತಲೆ ಅತ್ತ ತಿರುಗಿತು. ಅವಳ ಕೈ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿತ್ತು. ನನ್ನ ತಪ್ಪಿನ ಪಟ್ಟಿ ನೆನಪಾಗಿ, ಎದ್ದು ಎಲ್ಲಾ ಹೇಳಿಬಿಡಲೇ ಎಂದು ಮಂಡಿ ಊರಿದ್ದೆ.

"ಜರಾ ತಡಿಯಪ್ಪ," ಅಂದಳು ಅವಳು ಕೀಬೋರ್ಡಿನವನಿಗೆ. "ನೀ ಓಡಾಕತ್ತೀದಿ. ಹೊಲದಾಗಿಂದ ಬಂದ ಮಂದಿ ಅದಾರ, ನಡಕೋತ ಬರ್ತಾರ."

ಜನ ನಕ್ಕರು. ಅವನು ವೇಗ ಇಳಿಸಿದ. ಅವಳು ಮೊದಲ ಸಾಲು ಕೊಟ್ಟಳು, ಕಡೆಯ ಗೋಡೆಗೆ ಹೋಗಿ ತಾಗುವಂತೆ. ನಾವು ಹಾಡಿದೆವು. ಎರಡನೇ ಸಾಲು. ಮೂರನೆಯದು. ಆರು ಸಲ ಹೇಳುವ ಆ ಮಾತು ಬಂದಾಗ ಎರಡೇ ಸಲ ಹೇಳಿಸಿ, ಮುಂದಿನ ನುಡಿಗೆ ದಾಟಿಬಿಟ್ಟಳು. ಗೋಡೆಯ ಮೇಲೆ ಇನ್ನೂ ಹಿಂದಿನದೇ ಇತ್ತು. ನೋಡಿ ಹಾಡುತ್ತಿದ್ದವರು ತಡಬಡಿಸಿ, ಒಬ್ಬೊಬ್ಬರಾಗಿ ಗೋಡೆ ಬಿಟ್ಟು ಅವಳ ಕಡೆ ತಿರುಗಿದರು. ಪ್ರೊಜೆಕ್ಟರಿನ ಹತ್ತಿರ ಕೂತಿದ್ದ ಮೊಮ್ಮಗಳು ಅವಳನ್ನು ಹಿಡಿಯಲಾಗದೆ ಕೊನೆಗೆ ಅದನ್ನು ಆರಿಸಿಯೇಬಿಟ್ಟಳು.

ಹಾಡು ಮುಗಿಸಿ ಬಂದು ನನ್ನ ಪಕ್ಕ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಮುಂದೆ ಮಾಸ್ತರರು ಒಂಬತ್ತೂ ನುಡಿಗೆ ಸಾಲು ಕೊಟ್ಟರು. ಏಳನೆಯದರಲ್ಲಿ ತಡೆದಾಗ ಇವಳು ಕೂತಲ್ಲಿಂದಲೇ ತುಟಿ ಅಲ್ಲಾಡಿಸಿ ದಾಟಿಸಿದಳು.

ಹಾಡಿನ ಜಗಳ ನಮ್ಮಲ್ಲಿ ಮುಗಿದಿಲ್ಲ. ಅದೇ ದಿನ ಕಬ್ಬು ಬಿಚ್ಚುವಾಗಲೇ ಢಂಢಂ ಗುಂಡಿ ಒತ್ತಬೇಕೋ ಬೇಡವೋ ಎಂದು ಮಾಸ್ತರರಿಗೂ ಕೀಬೋರ್ಡಿನವನಿಗೂ ಮತ್ತೆ ಹತ್ತಿಕೊಂಡಿತ್ತು. ನನಗೆ ಅದರ ಚಿಂತೆ ಇರಲಿಲ್ಲ. ಅದಕ್ಕೂ ಮೊದಲು, ಅಯ್ಯಗಳು ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಎದ್ದು ನಿಂತಾಗ ನನ್ನ ನೆಗೆಣ್ಣಿ ನನ್ನ ಕಿವಿಯ ಹತ್ತಿರ ಬಾಯಿ ತಂದಿದ್ದಳು.

"ಮುಂದಿನ ಐತವಾರ ಯಾವ ಹಾಡು ಕೊಡ್ತಿ? ಇವತ್ತಾ ಹೇಳು. ಶನಿವಾರ ಹೇಳಿದ್ರ ಕಲಿಯಾಕ ಆಗಂಗಿಲ್ಲ ನನಗ."

"ಪಟ್ಟಿ ಇನ್ನಾ ಮಾಡಿಲ್ಲ ಬೇ," ಅಂದೆ.

"ಮಾಡು ಮತ್ತ. ಈ ಸಲ ಎಮ್ಮಿ ಕರಿಯೋದು ಬ್ಯಾಡ, ಬ್ಯಾರೇದು ನೋಡು," ಅಂದು, ಪ್ರಸಂಗ ಕೇಳಲು ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತಳು.