ತೊಟ್ಟಿಲಲ್ಲಿ ಆಡಬಾರದ ಮಾತು

ನಮ್ಮ ಭಾವನಿಗೆ ಕೆಲಸದ ಜಾಗದಲ್ಲಿ ಕೋತಿ ಮೇಸ್ತ್ರಿ ಅಂತ ಹೆಸರು. ಅದು ಮುಖ ನೋಡಿ ಇಟ್ಟದ್ದಲ್ಲ, ಹತ್ತುವ ಚಳಕ ನೋಡಿ ಇಟ್ಟದ್ದು ಅಂತ ನಮ್ಮಕ್ಕ ಮದುವೆಯಾದಾಗಿನಿಂದ ವಾದಿಸುತ್ತಲೇ ಇದ್ದಾಳೆ. ನಾನು ನಾದಿನಿ, ನನಗೆ ಈಗಲೂ ಅನುಮಾನವಿದೆ. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವುದು ಅವರ ಕಸುಬು. ಅದೇ ತಂಡದಲ್ಲಿ ನಾನು ನೆಲದ ಮೇಲೆ ಕೂತು ಬಣ್ಣ ಕಲಸುತ್ತೇನೆ. ಸ್ಟೂಲಿನ ಮೇಲೆ ನಿಂತರೂ ನನಗೆ ಜೀವ ಬಾಯಿಗೆ ಬರುತ್ತದೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಹೆಂಗಸು ಅಂತ ಬಿಟ್ಟುಬಿಡುತ್ತಾರೆ. ಗಂಡಸರಿಗೆ ಆ ಭಾಗ್ಯವಿಲ್ಲ.

ಅವರು ಕೂತು ಕೆಲಸ ಮಾಡುವ ಉದ್ದನೆಯ ಹಲಗೆಯನ್ನು ನಮ್ಮವರು ತೊಟ್ಟಿಲು ಅನ್ನುತ್ತಾರೆ. ಸುತ್ತ ಕಬ್ಬಿಣದ ಸರಳು, ಎರಡು ಕೊನೆಗೆ ಎರಡು ಹಗ್ಗ. ಹಗ್ಗಗಳು ತಾರಸಿಯ ಮೋಟುಗೋಡೆ ದಾಟಿ ಮೇಲಿನ ಕಂಬಕ್ಕೆ ಬಿಗಿದಿರುತ್ತವೆ. ಗೋಡೆಯ ಅಂಚು ಹಗ್ಗವನ್ನು ಕುಯ್ಯದಿರಲಿ ಅಂತ ಅಡಿಗೆ ಹಳೇ ಟೈರಿನ ತುಂಡು ಇಡುತ್ತಾರೆ. ಒಂದು ಕೊನೆಯಲ್ಲಿ ಭಾವ, ಇನ್ನೊಂದು ಕೊನೆಯಲ್ಲಿ ಅವರ ಅಳಿಯ. ಅಳಿಯ ಅವರ ಕೈಕೆಳಗೇ ಕೆಲಸ ಕಲಿತ ಹುಡುಗ. ಗುಣ ಮೆಚ್ಚಿ ಮಗಳನ್ನು ಕೊಟ್ಟರು. ಅಳಿಯನಾದ ಮೇಲೂ ಏಕವಚನ ಬಿಡಲಿಲ್ಲ, ಅವನೂ ಬೇಜಾರು ಮಾಡಿಕೊಳ್ಳಲಿಲ್ಲ.

ತೊಟ್ಟಿಲು ಹತ್ತುವವರಲ್ಲಿ ಒಂದು ಕಟ್ಟುಪಾಡಿದೆ. ಅಲ್ಲಿ ಯಾರೂ ‘ಭಯ’ ಅನ್ನುವ ಮಾತು ಆಡುವುದಿಲ್ಲ. ಆಡಿದರೆ ಜೊತೆಯವನಿಗೂ ಅಂಟುತ್ತದಂತೆ. ತಲೆ ತಿರುಗಿದರೆ ಬೆಳಗ್ಗೆ ತಿಂಡಿ ತಿನ್ನಲಿಲ್ಲ ಅನ್ನಬೇಕು. ಕೈ ನಡುಗಿದರೆ ರಾತ್ರಿ ನಿದ್ದೆ ಬರಲಿಲ್ಲ ಅನ್ನಬೇಕು. ಇಂಥ ಸುಳ್ಳುಗಳನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ನಂಬಿದ ಹಾಗೆ ಮಾಡುತ್ತಾರೆ.

ಒಂದು ದಿನ ಇದ್ದಕ್ಕಿದ್ದಂತೆ ಗಾಳಿ ಎದ್ದು, ತೊಟ್ಟಿಲನ್ನು ಗೋಡೆಗೆ ಅಪ್ಪಳಿಸಿ ಒಂದು ಸುತ್ತು ತಿರುಗಿಸಿಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಭಾವ ನಗುನಗುತ್ತಲೇ ಇಳಿದು ಬಂದು ನೀರು ಕುಡಿದರು. ಆದರೆ ಮಾರನೇ ದಿನದಿಂದ ಅವರದು ಒಂದೇ ರಾಗ: ಹಗ್ಗ ಸರಿಯಿಲ್ಲ. ಹತ್ತುವ ಹೊತ್ತಿಗೆ ಸರಿಯಾಗಿ ಹಗ್ಗದಲ್ಲಿ ಒಂದು ದೋಷ ಕಾಣುತ್ತಿತ್ತು. ಎಳೆ ಬಿಟ್ಟಿದೆ, ಗಂಟು ಸಡಿಲವಾಗಿದೆ, ನೂಲು ಹಳತಾಗಿದೆ. ಪ್ರತಿ ಸಲ ಹಗ್ಗ ಬಿಚ್ಚಿ, ನೆಲಕ್ಕೆ ಹಾಸಿ, ಗೇಣು ಗೇಣು ಸವರಿ ನೋಡುತ್ತಿದ್ದೆವು. ಕೂದಲೆಳೆಯಷ್ಟೂ ಐಬು ಸಿಗುತ್ತಿರಲಿಲ್ಲ. ಮತ್ತೆ ಕಟ್ಟುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತಿತ್ತು.

ನಮ್ಮ ತಂಡದಲ್ಲಿ ಉದ್ದಣ್ಣ ಅಂತ ಒಬ್ಬನಿದ್ದಾನೆ. ಆಳು ಉದ್ದ, ನಾಲಿಗೆ ಅದಕ್ಕಿಂತ ಉದ್ದ. ಅವನು ಭಾವನ ಹಾಗೆ ಸೊಂಟಕ್ಕೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ, “ಯಾಕೋ ಹಗ್ಗ ಸರಿಯಿಲ್ಲ ಕಣ್ರೋ” ಅಂತ ಆಡಿ ತೋರಿಸಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತಿತ್ತು. ಅಳಿಯನೊಬ್ಬ ನಗುತ್ತಿರಲಿಲ್ಲ. ಸೂಪರ್‌ವೈಸರ್ ಅಂತೂ ಕೆಂಡವಾಗಿದ್ದ. “ಇನ್ನೊಂದು ಸಲ ಹಗ್ಗದ ಕಥೆ ಹೇಳಿದ್ರೆ ಮಾವ-ಅಳಿಯ ಇಬ್ರೂ ಬೇರೆ ಕೆಲಸ ನೋಡ್ಕೊಳ್ಳಿ” ಅಂದ. ಭಾವನನ್ನು ತೊಟ್ಟಿಲಿಂದ ಇಳಿಸಿ ತಾರಸಿಗೆ ಕಾವಲು ಹಾಕಿದ. ಅವರ ಜಾಗಕ್ಕೆ ಉದ್ದಣ್ಣ ಬಂದ. ಅವತ್ತಿನಿಂದ ಭಾವ ಮನೆಯಲ್ಲೂ ಮಾತು ನಿಲ್ಲಿಸಿದರು. ಅಕ್ಕ ಏನು ಕೇಳಿದರೂ ತಲೆಯಾಡಿಸುತ್ತಿದ್ದರು.

ಮನೆಯಲ್ಲಿ ಇನ್ನೊಂದು ಪ್ರಾಣಿ ಇತ್ತಲ್ಲ, ಮೊಮ್ಮಗಳು. ಗಾತ್ರಕ್ಕೂ ಸಿಡಿಯುವ ಗುಣಕ್ಕೂ ಸೇರಿಸಿ ನಾವು ಅವಳನ್ನು ಸಾಸಿವೆ ಅನ್ನುತ್ತೇವೆ. ಆಗ ತಾನೇ ಶಾಲೆಗೆ ಸೇರಿದ್ದಳು. ಒಂದು ದಿನ ಬೆಳಗ್ಗೆ ನಾನು ಭಾವನ ಜೊತೆ ಕೆಲಸಕ್ಕೆ ಹೊರಡಲು ಅವರ ಮನೆ ಬಾಗಿಲಿಗೆ ಹೋದಾಗ, ಒಳಗೆ ಯುದ್ಧ ನಡೆದಿತ್ತು. ಹಿಂದಿನ ದಿನ ಹೊಟ್ಟೆನೋವು ಅಂತ ಶಾಲೆ ತಪ್ಪಿಸಿ, ಮಧ್ಯಾಹ್ನ ಡಬ್ಬಿಯಲ್ಲಿದ್ದ ಬಿಸ್ಕತ್ತನ್ನೆಲ್ಲ ಖಾಲಿ ಮಾಡಿದ್ದಳು. ಇವತ್ತು ಮತ್ತೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳಮ್ಮ, ಅಂದರೆ ಅಕ್ಕನ ಮಗಳು, ಬಾಚಣಿಗೆ ಎತ್ತಿಕೊಂಡು ಗದರಿಸುತ್ತಿದ್ದಳು.

“ಸಾಕು ನಿನ್ನ ನಾಟಕ!”

“ನಿನ್ನೆ ನಾಟಕ ಅಮ್ಮಾ. ಇವತ್ತು ನಿಜವಾಗ್ಲೂ ನೋಯ್ತಿದೆ.”

ಅಳಲಿಲ್ಲ, ತಲೆ ತಗ್ಗಿಸಲಿಲ್ಲ. ಅಮ್ಮ ಹೊಟ್ಟೆ ಮುಟ್ಟಿ ನೋಡಿದಳು. ಮೈ ಸುಡುತ್ತಿತ್ತು. ಬಾಚಣಿಗೆ ಪಕ್ಕಕ್ಕೆ ಎಸೆದು ಡಾಕ್ಟರ ಹತ್ತಿರ ಹೋಗಲು ಚಪ್ಪಲಿ ಹುಡುಕತೊಡಗಿದಳು. ಹೊಸಿಲ ಮೇಲೆ ಕೂತು ಶೂ ದಾರ ಕಟ್ಟಿಕೊಳ್ಳುತ್ತಿದ್ದ ಭಾವ ಕೈ ನಿಲ್ಲಿಸಿ ಮಗುವನ್ನೇ ನೋಡುತ್ತಿದ್ದರು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟರು.

“ನಿನ್ನೆ ಯಾಕೆ ಸುಳ್ಳು ಹೇಳ್ದೆ?”

“ಶಾಲೇಲಿ ಸೀಟಿ ಊದ್ತಾರಲ್ಲ ತಾತ, ಅವ್ರನ್ನ ಕಂಡ್ರೆ ಭಯ.”

“ಹಾಗಂತ ಹೇಳ್ಬಾರದಿತ್ತಾ?”

“ಈಗ ಹೇಳ್ದೆನಲ್ಲ” ಅಂದಳು ಸಾಸಿವೆ, ಇಷ್ಟೂ ತಿಳಿಯುವುದಿಲ್ಲವಲ್ಲ ಈ ಮುದುಕನಿಗೆ ಅನ್ನುವ ಧಾಟಿಯಲ್ಲಿ. ಭಾವ ಶೂ ದಾರ ಬಿಗಿದು ಎದ್ದರು, ನಾವು ಕೆಲಸಕ್ಕೆ ಹೊರಟೆವು.

ಆಗ ನಾವು ಬಳಿಯುತ್ತಿದ್ದುದು ಏಳು ಅಂತಸ್ತಿನ ಹೊಸ ಕಟ್ಟಡ. ಇನ್ನೂ ಯಾರೂ ವಾಸಕ್ಕೆ ಬಂದಿರಲಿಲ್ಲ, ಕಿಟಕಿಗಳಿಗೆ ಸರಳು ಕೂರಿಸಿರಲಿಲ್ಲ. ತೊಟ್ಟಿಲು ಐದನೇ ಅಂತಸ್ತಿನ ಹತ್ತಿರ ತೂಗುತ್ತಿತ್ತು. ಇಬ್ಬರೂ ಸೊಂಟಕ್ಕೆ ಬೆಲ್ಟ್ ಕಟ್ಟಿದ್ದರು ನಿಜ, ಆದರೆ ಆ ಬೆಲ್ಟನ್ನು ಸಿಕ್ಕಿಸಿದ್ದು ತೊಟ್ಟಿಲಿಗೇ. ಕೈಕಾಲು ಆಡಿಸಲು ಸಲೀಸು ಅಂತ ಎಲ್ಲರೂ ಹಾಗೇ ಮಾಡುತ್ತಿದ್ದರು. ತೊಟ್ಟಿಲೇ ಬಿದ್ದರೆ ಬೆಲ್ಟು ಏನು ಮಾಡೀತು ಅಂತ ಯೋಚಿಸಿದವರಿಲ್ಲ.

ನಾನು ಬಕೆಟ್ಟಿಗೆ ನೀರು ಹಾಕುತ್ತಿದ್ದೆ. ಮೇಲಿಂದ ಭಾವನ ಕೂಗು ಕೇಳಿಸಿತು.

“ಹಗ್ಗ! ಹಗ್ಗ ನೋಡ್ರೋ! ಕೆಲಸ ನಿಲ್ಸಿ!”

ನನ್ನ ಪಕ್ಕದಲ್ಲಿದ್ದ ಸೂಪರ್‌ವೈಸರ್ ಹಣೆ ಚಚ್ಚಿಕೊಂಡ. ಉದ್ದಣ್ಣ ತೊಟ್ಟಿಲಲ್ಲೇ ಸೊಂಟಕ್ಕೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ ತೋರಿಸಿದ. ಕೆಳಗಿನವರೆಲ್ಲ ಗೊಳ್ಳೆಂದರು.

“ಟೈರು ಜಾರಿದೆ ಕಣೋ! ಅಂಚು ಹಗ್ಗ ಕುಯ್ತಿದೆ!”

“ಸಾಕು ಮಾವ!” ಅಳಿಯ ತಲೆಯೆತ್ತದೆ ಕಿರುಚಿದ. “ಎಲ್ಲಾರ ಮುಂದೆ ಇನ್ನೆಷ್ಟು ಮರ್ಯಾದೆ ಕಳೀತೀರಾ?” ಸಿಟ್ಟಿನ ಭರದಲ್ಲಿ ಬ್ರಷ್ಷನ್ನು ದೂರದ ಮೂಲೆಗೆ ಚಾಚಿದ. ತೊಟ್ಟಿಲು ಪಕ್ಕಕ್ಕೆ ಓಲಾಡಿತು. ಅದು ಒಂದೊಂದು ಸಲ ಓಲಾಡಿದಾಗಲೂ ಮೇಲೆ ಹಗ್ಗ ಸಿಮೆಂಟಿನ ಅಂಚಿನ ಮೇಲೆ ಹಿಂದೆ ಮುಂದೆ ಉಜ್ಜುತ್ತಿತ್ತು, ಗರಗಸಕ್ಕೆ ಮರ ಕೊಟ್ಟ ಹಾಗೆ. ಅದು ಕಾಣುತ್ತಿದ್ದುದು ಭಾವ ಒಬ್ಬರಿಗೇ. ಇಬ್ಬರ ಭಾರ ಹೊತ್ತ ಹಗ್ಗವನ್ನು ಎತ್ತಿ ಅಡಿಗೆ ಟೈರು ತುರುಕುವುದು ಒಬ್ಬ ಮನುಷ್ಯನಿಂದ ಆಗುವ ಮಾತಲ್ಲ. ಕೂಗಿದರೆ ನಗುತ್ತಾರೆ. ಇಳಿದು ಬಂದು ತಿಳಿಸುವಷ್ಟರಲ್ಲಿ ಮಗಳ ಗಂಡ ನೆಲದ ಮೇಲಿರುತ್ತಾನೆ.

ಮೇಲೆ ಸದ್ದು ನಿಂತಿತು. ನಾವು ಅಂದುಕೊಂಡೆವು, ಮುದುಕ ಸುಮ್ಮನಾದ ಅಂತ. ಆಮೇಲೆ ಮೋಟುಗೋಡೆಯ ಮೇಲಿಂದ ಅವರ ಮುಖ ಹೊರಗೆ ಚಾಚಿತು. ಬಂದ ದನಿ ಭಾವನದು ಅಂತ ನನಗೆ ಗುರುತೇ ಸಿಗಲಿಲ್ಲ.

“ಕೇಳ್ರೋ ಎಲ್ಲಾರೂ! ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳು. ಹಗ್ಗ ಚೆನ್ನಾಗೇ ಇತ್ತು. ನಂಗೆ ಭಯ ಆಗ್ತಿತ್ತು. ಆ ಗಾಳಿ ದಿನದಿಂದ ತೊಟ್ಟಿಲು ಕಂಡ್ರೆ ಕೈಕಾಲು ನಡುಗುತ್ತೆ. ಹೇಳೋಕೆ ನಾಚಿಕೆಯಾಗಿ ಹಗ್ಗದ ಮೇಲೆ ಹಾಕ್ದೆ. ಇವತ್ತು ಸುಳ್ಳಲ್ಲ. ಅಳಿಯಾ, ನಿನ್ನ ಕಡೆ ಹಗ್ಗ ಅರ್ಧ ಹೋಗಿದೆ. ಅಲ್ಲಾಡಬೇಡ ಕಣಪ್ಪ. ಕೈ ಮುಗೀತೀನಿ, ಅಲ್ಲಾಡಬೇಡ!”

ಇಡೀ ಕಟ್ಟಡ ಕೇಳಿಸಿಕೊಂಡಿತು. ಒಳಗೆ ನಲ್ಲಿ ಕೂರಿಸುತ್ತಿದ್ದವರು ಕಿಟಕಿಗೆ ಬಂದರು. ಯಾರೂ ನಗಲಿಲ್ಲ, ನಗಲು ಬರಲಿಲ್ಲ. ಅಳಿಯ ಚಾಚಿದ್ದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ಮೇಲೆ ನೋಡಿದ. ಆ ಮನುಷ್ಯ ಎಂಥ ಸುಳ್ಳನ್ನಾದರೂ ಹೇಳಿಯಾರು, ಈ ಮಾತನ್ನು ಮಾತ್ರ ಸುಳ್ಳಿಗಾಗಿ ಹೇಳಲಾರರು ಅಂತ ಅವನಿಗೆ ಗೊತ್ತು. ಬ್ರಷ್ಷು ಕೈಯಿಂದ ಜಾರಿ ನನ್ನ ಬಕೆಟ್ಟಿನ ಪಕ್ಕ ಬಿತ್ತು.

ನಾನು ಹೇಗೆ ಓಡಿದೆನೋ ದೇವರಿಗೇ ಗೊತ್ತು. ಸ್ಟೂಲು ಹತ್ತಲು ಹೆದರುವ ನಾನು ಐದನೇ ಅಂತಸ್ತಿನಲ್ಲಿ ತೊಟ್ಟಿಲಿಗೆ ಎದುರಾದ ಕೋಣೆಗೆ ನುಗ್ಗಿ ಕಿಟಕಿಯ ಗಾಜು ಸರಿಸಿದೆ. ಸಿಮೆಂಟು ಮೆತ್ತಿ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಚಪ್ಪಲಿ ಕಾಲಿಂದ ಒದ್ದೆ, ಭುಜ ಕೊಟ್ಟು ತಳ್ಳಿದೆ. ತೆರೆದುಕೊಂಡಾಗ ಎದುರಿಗೆ ಉದ್ದಣ್ಣನ ಮುಖ, ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಕಿಟಕಿ ಅವನ ಕೊನೆಗೆ ಹತ್ತಿರ. ಹರಿಯುತ್ತಿದ್ದುದು ಇನ್ನೊಂದು ಕೊನೆಯ ಹಗ್ಗ, ಅಳಿಯನದು.

“ಉದ್ದಣ್ಣ ಮೊದ್ಲು ಬೆಲ್ಟಿನ ಕೊಂಡಿ ಬಿಚ್ಲಿ” ಮೇಲಿಂದ ಭಾವ ಹೇಳುತ್ತಿದ್ದರು. ಈಗ ಕೂಗಾಟವಿಲ್ಲ, ಕೆಲಸ ಕಲಿಸುವಾಗಿನ ನಿಧಾನದ ದನಿ. “ನೆಗೀಬೇಡ. ಕಾಲು ಹಾಕು ಒಳಗೆ. ಹಾಂ. ಈಗ ನೀನು ಬಿಚ್ಚು. ಎದ್ದು ನಿಲ್ಬೇಡ, ಕೂತ್ಕೊಂಡೇ ಜಾರ್ಕೊಂಡು ಬಾ.”

ಉದ್ದಣ್ಣ ಒಳಗೆ ಬಂದು ಬಿದ್ದ. ಅಳಿಯ ಹಲಗೆಯ ಮೇಲೆ ಅಂಗುಲ ಅಂಗುಲ ಜಾರುತ್ತ ಬಂದ. ಹಲಗೆಯ ನಡುವಿಗೆ ಬಂದಾಗ ಮೇಲೆ ಟಪ್ ಅಂತ ಒಂದು ಸದ್ದು. ಅವನು ಜಾರುವುದು ನಿಲ್ಲಿಸಿ ಕಣ್ಣು ಮುಚ್ಚಿಕೊಂಡ.

“ಒಂದು ಎಳೆ ಹೋಯ್ತು, ಇನ್ನೂ ಇದೆ. ಬಾ. ನಂಗೂ ಭಯ ಆಗ್ತಿದೆ, ನೀನು ಬಾ.”

ಅವನು ಬಂದ. ಒಂದು ಕಾಲು ಕಿಟಕಿಯೊಳಗೆ ಇಟ್ಟಾಗಲೇ ಹಗ್ಗ ಹರಿಯಿತು. ಕಾಲಡಿಯ ಹಲಗೆ ಮಾಯವಾಯಿತು, ಬಣ್ಣದ ಡಬ್ಬಗಳು ಹೋದವು. ನಾನು ಅಂಗಿ ಹಿಡಿದಿದ್ದೆ, ಉದ್ದಣ್ಣ ಸೊಂಟದ ಬೆಲ್ಟು ಹಿಡಿದಿದ್ದ. ಮೂವರೂ ಸಿಮೆಂಟಿನ ನೆಲದ ಮೇಲೆ ರಾಶಿಯಾಗಿ ಬಿದ್ದೆವು. ಕೆಳಗೆ ಡಬ್ಬಗಳು ನೆಲಕ್ಕೆ ಬಿದ್ದು ಒಡೆದ ಸದ್ದು ಆಮೇಲೆ ಕೇಳಿಸಿತು. ತೊಟ್ಟಿಲು ಒಂದೇ ಹಗ್ಗಕ್ಕೆ ನೇತುಬಿದ್ದು ಗೋಡೆಗೆ ಬಡಿಯುತ್ತಿತ್ತು. ನನಗೆ ಅಳು ಬಂತು, ಜೋರಾಗಿಯೇ ಅತ್ತೆ.

ತಾರಸಿಗೆ ಹೋದಾಗ ಭಾವ ಮೋಟುಗೋಡೆಗೆ ಒರಗಿ ಕೂತಿದ್ದರು. ಹರಿಯುವ ಹೊತ್ತಿನಲ್ಲಿ ಹಗ್ಗವನ್ನು ಬರಿಗೈಯಲ್ಲಿ ಹಿಡಿಯಲು ಹೋಗಿದ್ದರು. ಅಂಗೈ ಚರ್ಮ ಕಿತ್ತು ಬಂದಿತ್ತು. ಅಳಿಯ ಹತ್ತಿರ ಹೋಗಿ ಕೂತ. ಅಪ್ಪಿಕೊಳ್ಳುತ್ತಾನೆ ಅಂದುಕೊಂಡೆ. ಅವನು ಬೈದ.

“ಮೊದಲೇ ಹೇಳಿದ್ರೆ ಏನಾಗ್ತಿತ್ತು ಮಾವ?”

“ಹೆದರುಪುಕ್ಕನ ಜೊತೆ ನೀನು ಹತ್ತುತ್ತಿದ್ಯಾ?”

“ನೀವು ಹೆದರಲ್ಲ ಅಂತಾನೇ ನಾನು ಇಷ್ಟು ವರ್ಷ ಹತ್ತಿದ್ದು. ದಿನಾ ಹತ್ತೋವಾಗ ನಿಮ್ಮ ಮುಖ ನೋಡ್ಕೊಂಡು ಹತ್ತುತ್ತಿದ್ದೆ. ನನ್ನ ಹೊಟ್ಟೆಯೊಳಗೆ ಏನಾಗ್ತಿತ್ತು ಅಂತ ಯಾರಿಗೂ ಹೇಳಿಲ್ಲ, ನಿಮ್ಮ ಮಗಳಿಗೂ ಹೇಳಿಲ್ಲ.”

ಭಾವ ಅವನ ಮುಖ ನೋಡಿದರು. ಇಷ್ಟು ವರ್ಷ ಒಂದೇ ಹಲಗೆಯ ಎರಡು ಕೊನೆಯಲ್ಲಿ ಕೂತವರು, ಒಬ್ಬರಿಗೊಬ್ಬರು ಈಗ ಪರಿಚಯವಾಗುತ್ತಿದ್ದರು. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಬೆಳಗ್ಗೆ ಆ ಚೋಟುದ್ದದ ಹುಡುಗಿ ಒಂದು ಉಸಿರಿಗೆ ಹೇಳಿ ಮುಗಿಸಿದ್ದನ್ನು ಹೇಳಲು, ಮೀಸೆ ಹೊತ್ತ ಇವರಿಗೆ ಒಂದು ಸಾವು ಬಾಗಿಲಿಗೆ ಬಂದು ನಿಲ್ಲಬೇಕಾಯಿತು. ಅವಳು ಶಾಲೆಗೆ ಹೋಗಿ ಕಲಿಯುವುದಕ್ಕಿಂತ ಹೆಚ್ಚಿನದನ್ನು ಇವರೇ ಅವಳ ಮುಂದೆ ಸ್ಲೇಟು ಹಿಡಿದು ಕೂತು ಕಲಿಯಬೇಕು ಅನ್ನಿಸಿತು.

ಸೂಪರ್‌ವೈಸರ್ ಏದುಸಿರು ಬಿಡುತ್ತ ಮೇಲೆ ಬಂದ. ಹರಿದ ಹಗ್ಗ ನೋಡಿದ, ಜಾರಿ ಬಿದ್ದ ಟೈರು ನೋಡಿದ. ಅವನೂ ಅದೇ ಜಾತಿಯ ಗಂಡಸು. ಗಾಬರಿಯನ್ನು ಜೋರಿನಲ್ಲಿ ಮುಚ್ಚಿಕೊಂಡ.

“ಆಯ್ತು, ಆಗಿದ್ದು ಆಗ್ಹೋಯ್ತು. ನಾಳೆ ಹೊಸ ಹಗ್ಗ ಬರುತ್ತೆ. ಯಾರ್ಯಾರು ಹತ್ತಲ್ಲ, ಈಗ್ಲೇ ಹೇಳ್ಬಿಡಿ.”

ಇಂಥ ಮಾತಿಗೆ ಯಾರೂ ಉತ್ತರ ಕೊಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಭಾವ ರಕ್ತ ಒಸರುತ್ತಿದ್ದ ಕೈ ಎತ್ತಿದರು.

“ನಾನು ಹತ್ತಲ್ಲ. ನಂಗೆ ಭಯ.”

“ಬೆಲ್ಟಿಗೆ ಬೇರೆ ಹಗ್ಗ ಕಟ್ಟೋವರೆಗೂ ನಾನೂ ಹತ್ತಲ್ಲ” ಅಂದ ಅಳಿಯ.

ಸೂಪರ್‌ವೈಸರ್ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಒಂದು ದನಿ ಬಂತು. ಉದ್ದಣ್ಣ ಅಲ್ಲೇ ಅರ್ಧದಾರಿಯಲ್ಲಿ ಕೂತುಬಿಟ್ಟಿದ್ದ.

“ಸಾರ್, ನನ್ನನ್ನೂ ಸೇರಿಸ್ಕೊಳ್ಳಿ. ನಾನು ಮೊದಲಿಂದ್ಲೂ ಹೆದರ್ತಿದ್ದೆ. ಅದಕ್ಕೇ ಅಷ್ಟೊಂದು ನಗಿಸ್ತಿದ್ದೆ.”