ಫಸ್ಟ್ ಇಯರ್‌ನವರ ಸೀಟು

ಖಾನಾಪುರದಿಂದ ಬೆಳಗಾವಿಗೆ ಹೋಗೂ ಬಸ್ಸಿನ ಲೇಡಿ ಕಂಡಕ್ಟರ್ ನಾನು. ಕಾಲೇಜ್ ಶುರುವಾದ ಮೊದಲನೇ ದಿನ ಒಬ್ಬಾಕಿ ಹುಡುಗಿ ಖಾಲಿ ಸೀಟಿನ ಬಾಜು ನಿಂತಿದ್ಲು. ಆ ಸೀಟಿನ ಮ್ಯಾಲ ಒಬ್ಬ ಸೀನಿಯರ್ ತನ್ನ ಬ್ಯಾಗ್ ಇಟ್ಟಿದ್ದ.

“ಫಸ್ಟ್ ಇಯರ್‌ನವರು ನಿಂತ ಬರಬೇಕ್ರಿ. ನಮ್ಮ ಕಾಲೇಜಿನ ರೂಲು,” ಅಂದ.

ನನ್ನ ತಲಿ ಕೆಟ್ಟಿತು. “ಇದು ನಿಮ್ಮ ಕಾಲೇಜಲ್ಲ, ನನ್ನ ಬಸ್ಸು. ಟಿಕೀಟಿನ ಮ್ಯಾಲ ಯಾವ ಇಯರ್ ಅಂತ ಬರದಿರೂದಿಲ್ಲ. ಬ್ಯಾಗ್ ತಗಿ!” ಅಂದೆ. ಹುಡುಗಿಗೂ ಹೇಳಿದೆ: “ನೋಡವಾ, ಕಾಲೇಜಿನ್ಯಾಗೂ ಅಷ್ಟ. ಖಾಲಿ ಜಾಗಾ ಕಂಡ್ರ ಕುಂದರು, ಯಾರನ್ನೂ ಕೇಳಬ್ಯಾಡ.”

ಹಿಂದಿನವರಿಗೆ ಟಿಕೀಟ್ ಕೊಟ್ಟು ಬರೂದ್ರಾಗ ಆಕಿ ನನ್ನ ಸೀಟಿನ್ಯಾಗ ಕುಂತಿದ್ಲು.

“ಅವನ ಬಾಜು ಒಲ್ಲೆರೀ ಅಕ್ಕಾರ. ಇದೂ ಖಾಲಿನ ಇತ್ತಲ್ರೀ?”

ಬೆಳಗಾವಿ ತನಕ ನಾನ ಫಸ್ಟ್ ಇಯರ್‌ನಾಕಿ ಹಂಗ ನಿಂತ ಬಂದೆ.